ಹೆಪ್ಪಿಗೆ ಎತ್ತಿಡದೆ ಪಾತ್ರೆ ತೊಳೆಯೋರು

ಮೊಸರಿನ ಪಾತ್ರೆ ತೊಳೆಯೋಕೆ ಹಾಕೋ ಮುಂಚೆ ಹೆಪ್ಪಿಗೆ ಅಂತ ಒಂದು ಚಮಚ ಎತ್ತಿಡದ ಹೆಂಗಸರು ನಮ್ಮ ಕೊಪ್ಪ, ಶೃಂಗೇರಿ ಕಡೆ ಯಾರಾದ್ರೂ ಇದ್ದೀರಾ ಹೇಳ್ರೇ. ಇಲ್ಲ ಅಂತ ನಂಗೆ ಗೊತ್ತು. ಊಟದ ಹೊತ್ತಿಗೆ ಹೇಳದೆ ಕೇಳದೆ ಹತ್ತು ಜನ ಬಂದ್ರೂ, ಮಜ್ಜಿಗೆಗೆ ನೀರು ಹೊಯ್ದು ಹೊಯ್ದು ಕೊನೆಗೆ ನೀರಿಗೇ ಒಗ್ಗರಣೆ ಹಾಕಿದ ಹಂಗಾದ್ರೂ, ಆ ಒಂದು ಚಮಚ ಮೊಸರು ಒಳಗೆ ಬಟ್ಟಲಲ್ಲಿ ಮುಚ್ಚಿಕೊಂಡು ಕೂತಿರ್ತದೆ. ಅದನ್ನ ಯಾರೂ ನಮಗೆ ಕ್ಲಾಸು ತಗೊಂಡು ಕಲಿಸಿದ್ದಲ್ಲ. ಎತ್ತಿಡದೆ ಪಾತ್ರೆ ತೊಳೆದವಳನ್ನ ಅತ್ತೆ ಅಂತೂ ಬಿಡಿ, ಆಚೆ ಮನೆಯವರೂ ಆಡಿಕೊಳ್ತಾರೆ.

ಹಂಗಿದ್ದ ಮೇಲೆ ಕಂಪ್ಯೂಟರ್ ತೊಳೆಯೋರನ್ನ ಮಾತ್ರ ಯಾಕೆ ಯಾರೂ ಆಡಿಕೊಳ್ಳೋದಿಲ್ಲ? ಅವರಿಗೆ ಮಾತ್ರ ಯಾಕೆ ಕಾಫಿ, ಕೋಡುಬಳೆ, "ನಮ್ಮ ಹುಡುಗ ಭಾರೀ ಚುರುಕು" ಅಂತ ಹೊಗಳಿಕೆ? ಇವತ್ತು ನಂದು ಇದೇ ಜಗಳ.

ನಡೆದದ್ದು ಹೇಳಿಬಿಡ್ತೀನಿ, ಇಲ್ದಿದ್ರೆ ಇವಳಿಗೆ ಎಂತ ಆಯ್ತಪ್ಪ ಅಂತೀರಿ. ನಮ್ಮನೆ ಲ್ಯಾಪ್‌ಟಾಪು ಹಳೇದು. ಆನ್ ಮಾಡಿ ಒಲೆ ಮೇಲೆ ಹಾಲಿಟ್ಟು ಬಂದ್ರೆ ಹಾಲು ಉಕ್ಕೋದು ಮೊದಲು, ಅದು ಏಳೋದು ಆಮೇಲೆ. ಕಳೆದ ಮಳೆಗಾಲದಲ್ಲಿ ಮೈದುನನ ಮಗ ಬೆಂಗಳೂರಿಂದ ಬಂದಿದ್ದ. ಒಳ್ಳೇ ಹುಡುಗ, ಅವನ ಮೇಲೆ ನಂಗೆ ಸಿಟ್ಟಿಲ್ಲ, ಇದ್ರೂ ಸ್ವಲ್ಪವೇ. "ದೊಡ್ಡಮ್ಮಾ, ಇದರಲ್ಲಿ ಪೂರ್ತಿ ಕಸ ತುಂಬಿದೆ, ಕ್ಲೀನ್ ಮಾಡಿಕೊಡ್ತೀನಿ" ಅಂದ. ಯಾವುದೋ ಕ್ಲೀನ್ ಮಾಡೋ ಸಾಫ್ಟ್‌ವೇರ್ ಹಾಕಿದ. ಪರದೆ ತುಂಬ ಕೆಂಪು. ಆರು ಮುಕ್ಕಾಲು ಜಿಬಿ ಕಸ ಇದೆಯಂತೆ, ನೂರಾರು ತೊಂದರೆ ಇದೆಯಂತೆ. ನಾನು ಪತ್ರೊಡೆಗೆ ಎಲೆ ಸುತ್ತುತ್ತಾ ಇದ್ದೆ, "ಮಾಡು ಮಾರಾಯ" ಅಂದೆ. ಮೂರು ನಿಮಿಷದಲ್ಲಿ ಮುಗೀತು. ಪರದೆ ಹಸಿರಾಯ್ತು. ಎಲ್ಲರಿಗೂ ಖುಷಿ.

ತಿಂಗಳು ಕಳೆದ ಮೇಲೆ ನಾದಿನಿ ಮಗಳ ಮದುವೆ ಮಾತು ನಿಶ್ಚಯ ಆಯ್ತು. ಹಸೆಗೆ ಕರೆಯೋ ಹಾಡು ಬೇಕು, ಅತ್ತೆ ಹೇಳ್ತಿದ್ದದ್ದೇ ಬೇಕು ಅಂತ ಅವಳ ಆಸೆ. ನಮ್ಮತ್ತೆ ಅಡಿಕೆ ಸುಲೀತಾ ಕೂತಾಗ ಹೇಳಿದ 43 ಹಾಡು ನಾನು ಫೋನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಹಸೆ ಹಾಡು, ಎಣ್ಣೆ ಶಾಸ್ತ್ರದ್ದು, ಆರತಿಯದ್ದು, ಬೀಗರನ್ನ ಹಾಸ್ಯ ಮಾಡೋದು, ಎಲ್ಲ ಇತ್ತು. ನಡುನಡುವೆ ಮೆಟ್ಟುಗತ್ತಿಯ ಟಕ್ ಟಕ್ ಶಬ್ದ, ಅತ್ತೆ ನಾಯಿಗೆ ಬೈಯ್ಯೋದು, "ಮುಂದಿನ ಸಾಲು ಎಂತದೇ ಅದು" ಅಂತ ನನ್ನನ್ನೇ ಕೇಳೋದು. ಆ ಫೋನು ಕೆಟ್ಟಿತು. ಕೆಡೋ ಮುಂಚೆ ವಾಟ್ಸಾಪಿನ ಮೂಲಕ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆ ಅಂತ ಧೈರ್ಯ. ಹಂಗೆ ಇಳಿಸಿದ್ದೆಲ್ಲ ಹೋಗಿ ಬೀಳೋದು ಡೌನ್‌ಲೋಡ್ಸ್ ಅನ್ನೋ ಫೋಲ್ಡರಿಗೆ. ಹುಡುಗ ಗುಡಿಸಿದ್ದು ಅದನ್ನೇ. ಅತ್ತೆ ಹೋಗಿ ಎರಡು ವರ್ಷ ಆಯ್ತು.

ಆರು ಮುಕ್ಕಾಲು ಜಿಬಿಯಲ್ಲಿ ಆ ಹಾಡುಗಳ ಪಾಲು ಎಷ್ಟು ಅಂದ್ಕೊಂಡ್ರಿ? ಹೆಚ್ಚೆಂದ್ರೆ ನೂರೈವತ್ತು ಎಂಬಿ. ಹುಡುಗರು ನೋಡಿ ಬಿಟ್ಟ ಒಂದು ಸಿನಿಮಾದ ಕಾಲು ಭಾಗ ಕೂಡ ಅಲ್ಲ.

ಮನೆಯಲ್ಲಿ ಬಂದ ಮಾತು: "ಅಷ್ಟು ಬೇಕಾದ್ದಾಗಿದ್ರೆ ನೀನು ಬೇರೆ ಕಡೆ ಒಂದು ಕಾಪಿ ಇಟ್ಕೋಬೇಕಿತ್ತು." ಆ ಮಾತು ಸತ್ಯ. ಸತ್ಯ ಆದ್ದರಿಂದಲೇ ಹೊಟ್ಟೆ ಉರೀತು. ಆದ್ರೆ ನೋಡಿ, ಅದೇ ಸತ್ಯವನ್ನ ಬಟನ್ ಒತ್ತೋ ಮುಂಚೆ ಹೇಳೋಕೆ ಯಾರಿಗೂ ಬಾಯಿ ಇರ್ಲಿಲ್ಲ. ಕಳೆದ ಮೇಲೆ ಎಲ್ಲರೂ ಪಂಡಿತರೇ. ಅಟ್ಟ ಗುಡಿಸೋ ಆಳು ನಿಮ್ಮನ್ನ ಕೇಳದೆ ಅಟ್ಟದ ಮೇಲಿಂದ ಹಳೇ ಟ್ರಂಕು ತಂದು ತಿಪ್ಪೆಗೆ ಹಾಕಿದ್ರೆ "ನೀವು ಬೇರೆ ಟ್ರಂಕಲ್ಲಿ ಇಡಬೇಕಿತ್ತು ಅಮ್ಮ" ಅಂತ ಅವನು ಹೇಳಿದ್ರೆ ನೀವು ಸುಮ್ನಿರ್ತೀರಾ?

ಹಂಗಾಗಿ ನನ್ನ ಮೊದಲನೇ ತಕರಾರು ಆ "ಕಸ" ಅನ್ನೋ ಶಬ್ದದ ಮೇಲೆ. ಈ ಸಾಫ್ಟ್‌ವೇರುಗಳು ಕಸ ಅಂತ ಹೆಂಗೆ ಗುರುತಿಸ್ತವೆ? ಬಹಳ ದಿನದಿಂದ ತೆಗೆದು ನೋಡಿಲ್ಲ, ಹಳೇದು, ದೊಡ್ಡದು, ಒಂದೇ ಥರದ್ದು ಎರಡಿದೆ, ಡೌನ್‌ಲೋಡ್ಸಲ್ಲಿ ಬಿದ್ದಿದೆ. ಅಷ್ಟೇ ಅದರ ಬುದ್ಧಿ. ಈಗ ನೀವೇ ನಿಮ್ಮ ಬೀರು ನೆನಪು ಮಾಡ್ಕೊಳ್ಳಿ. ಬಹಳ ದಿನದಿಂದ ತೆಗೆಯದೆ ಇರೋದು, ಹಳೇದು, ಜಾಗ ಹಿಡಿಯೋದು ಯಾವುದು? ಧಾರೆ ಸೀರೆ. ಮಕ್ಕಳ ತೊಟ್ಟಿಲ ಬಟ್ಟೆ. ಅಮ್ಮನ ಕಾಗದದ ಕಟ್ಟು. ಆ ಲೆಕ್ಕದಲ್ಲಿ ಬೀರು ಕ್ಲೀನ್ ಮಾಡಿದ್ರೆ ಉಳಿಯೋದು ನಿನ್ನೆ ಒಗೆದ ನೈಟಿ ಒಂದೇ. ಮೆಷೀನಿಗೆ ಎಷ್ಟು ಸಲ ಮುಟ್ಟಿದ್ದೀರಿ ಅನ್ನೋದು ಗೊತ್ತಾಗ್ತದೆ, ಎಷ್ಟು ಬೇಕು ಅನ್ನೋದು ಗೊತ್ತಾಗಲ್ಲ. ಅದು ಮೆಷೀನಿನ ತಪ್ಪಲ್ಲ. ಅದರ ಪಟ್ಟಿ ಓದದೆ ಬಟನ್ ಒತ್ತೋ ಮನುಷ್ಯನದ್ದು.

ಎರಡನೇದು ಆ ಕೆಂಪು ಬಣ್ಣ. ಆ ಕೆಂಪು ನಮ್ಮನ್ನ ಹೆದರಿಸೋಕೇ ಇರೋದು ಕಣ್ರೇ. ಪುಗಸಟ್ಟೆ ಹಾಕಿಕೊಂಡ ಸಾಫ್ಟ್‌ವೇರು ಹೆದರಿಸಿದ್ರೆ ತಾನೆ ನಾವು ದುಡ್ಡು ಕೊಟ್ಟು ದೊಡ್ಡದು ತಗೊಳ್ಳೋದು. ರಿಜಿಸ್ಟ್ರಿ ಕ್ಲೀನ್ ಮಾಡ್ತೀವಿ, ಅದರಿಂದ ಸ್ಪೀಡ್ ಬರ್ತದೆ ಅಂತ ಹೇಳ್ತಾರಲ್ಲ, ರಿಜಿಸ್ಟ್ರಿ ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಟ್ಟುಕೊಳ್ಳೋ ಪುಸ್ತಕ. ವಿಂಡೋಸ್ ಮಾಡಿದ ಮೈಕ್ರೋಸಾಫ್ಟಿನವರೇ ಅಂಥ ರಿಜಿಸ್ಟ್ರಿ ಕ್ಲೀನರುಗಳಿಗೆ ನಮ್ಮ ಬೆಂಬಲ ಇಲ್ಲ, ಅದರಿಂದ ಕಂಪ್ಯೂಟರೇ ಏಳದ ಹಂಗೆ ಆಗಬಹುದು ಅಂತ ಹೇಳಿದ್ದಾರೆ. ನಮ್ಮ ಹಳೇ ಲ್ಯಾಪ್‌ಟಾಪು ನಿಧಾನ ಆಗಿದ್ದು ಅತ್ತೆ ಹಾಡಿನಿಂದ ಅಲ್ಲವೇ ಅಲ್ಲ. ಅದರೊಳಗಿರೋದು ತಿರುಗೋ ಹಳೇ ಹಾರ್ಡ್ ಡಿಸ್ಕು, ರ‍್ಯಾಮು ಕಡಿಮೆ, ಆನ್ ಮಾಡಿದ ಕೂಡ್ಲೆ ಹತ್ತು ಪ್ರೋಗ್ರಾಮು ಒಟ್ಟಿಗೆ ಏಳ್ತವೆ. ಆಮೇಲೆ ಒಬ್ಬರು ಬಂದು ಆ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿಕೊಟ್ರು, ಈಗ ಹಾಲು ಕಾಯೋದ್ರೊಳಗೆ ಏಳ್ತದೆ. ಹಾಡು ಹೋಗಿದ್ದು ಬರೀ ದಂಡಕ್ಕೆ.

"ನೀನು ಯಾವುದೋ ಲೋಕಲ್ ಸಾಫ್ಟ್‌ವೇರ್ ಹಾಕಿರಬೇಕು, ಒಳ್ಳೇ ಕಂಪನಿಯದ್ದಾದ್ರೆ ಹಂಗೆಲ್ಲ ಆಗಲ್ಲ" ಅಂತ ನಮ್ಮ ಭಾವ ವಾದ ಮಾಡಿದ್ರು. ಆಗ್ತದೆ ಭಾವಾ. ಸಿಸಿಕ್ಲೀನರ್ ಅಂತ ಲೋಕ ಎಲ್ಲ ಬಳಸೋ ಸಾಫ್ಟ್‌ವೇರು. 2017ರ ಆಗಸ್ಟ್ 15ರಿಂದ ಸೆಪ್ಟೆಂಬರ್ 12ರ ತನಕ ಅದರ ಒಂದು ಆವೃತ್ತಿಯೊಳಗೆ ಕಳ್ಳರು ತಮ್ಮ ಪ್ರೋಗ್ರಾಮು ಸೇರಿಸಿಬಿಟ್ಟಿದ್ರು. ಕಂಪನಿಯ ಸ್ವಂತ ಜಾಗದಿಂದಲೇ ಇಳಿಸಿಕೊಂಡ ಸುಮಾರು 22 ಲಕ್ಷ 70 ಸಾವಿರ ಕಂಪ್ಯೂಟರಿಗೆ ಅದು ಹೋಯ್ತು. ಗುಡಿಸೋಕೆ ಬಂದವಳ ಸೆರಗಿನಲ್ಲೇ ಕಸ.

ಸರಿ, ಹೊರಗಿನದ್ದು ಬೇಡ, ವಿಂಡೋಸಿನದ್ದೇ ಡಿಸ್ಕ್ ಕ್ಲೀನಪ್ ಇದೆಯಲ್ಲ ಅಂತೀರಾ? ಅದು ಎಷ್ಟೋ ವರ್ಷದಿಂದ ನಂಬಿಕಸ್ತ. ಜನ ಕಣ್ಣು ಮುಚ್ಚಿ ಎಲ್ಲ ಚೌಕಕ್ಕೂ ಟಿಕ್ ಹಾಕಿ ಓಕೆ ಒತ್ತೋ ಅಭ್ಯಾಸ ಮಾಡ್ಕೊಂಡಿದ್ರು. 2018ರ ಅಕ್ಟೋಬರಿನ ಆವೃತ್ತಿಯಲ್ಲಿ ಆ ಪಟ್ಟಿಗೇ ಡೌನ್‌ಲೋಡ್ಸ್ ಅನ್ನೋದನ್ನೂ ಸೇರಿಸಿಬಿಟ್ರು. ಟಿಕ್ ಹಾಕೋ ಕೈ ಹಳೇ ಅಭ್ಯಾಸದಲ್ಲಿ ಅದಕ್ಕೂ ಹಾಕ್ತು, ಎಷ್ಟೋ ಜನರ ಫೈಲು ಹೋಯ್ತು. ಆಮೇಲೆ 2020ರ ಆವೃತ್ತಿಯಲ್ಲಿ ಅದನ್ನ ಪಟ್ಟಿಯಿಂದ ತೆಗೆದ್ರು. ಅದೇ 2018ರ ಅಕ್ಟೋಬರಿನಲ್ಲಿ ಇನ್ನೂ ಒಂದು ಕತೆ: ಕ್ಲೀನ್ ಮಾಡೋದೇ ಬೇಡ, ಆ ಅಪ್‌ಡೇಟ್ ಹಾಕಿಕೊಂಡ ಕೆಲವರ ಡಾಕ್ಯುಮೆಂಟು, ಫೋಟೋ ತನ್ನಷ್ಟಕ್ಕೆ ಅಳಿಸಿ ಹೋಗಿ, ಬಿಟ್ಟ ನಾಲ್ಕೇ ದಿನಕ್ಕೆ ಆ ಅಪ್‌ಡೇಟನ್ನ ಮೈಕ್ರೋಸಾಫ್ಟಿನವರು ನಿಲ್ಲಿಸಬೇಕಾಯ್ತು. ಅಂಥವರ ಕೈಯಲ್ಲೇ ಹಂಗಾದ ಮೇಲೆ ನಮ್ಮ ಮೈದುನನ ಮಗನ ಕೈ ಯಾವ ಲೆಕ್ಕ.

ವಾಪಸ್ ಬರ್ತದೆ, ರಿಕವರಿ ಮಾಡಿಸಬಹುದು ಅಂತ ಸಮಾಧಾನ ಹೇಳಿದವರೂ ಇದ್ದಾರೆ. ಅದನ್ನೂ ಕೇಳಿ ತಿಳ್ಕೊಂಡೆ. ಹಳೇ ಥರದ ಹಾರ್ಡ್ ಡಿಸ್ಕಿನಲ್ಲಿ ಅಳಿಸು ಅಂದ್ರೆ ಪಟ್ಟಿಯಿಂದ ಹೆಸರು ಮಾತ್ರ ಹೊಡೆದು ಹಾಕೋದು. ಒಳಗಿನ ಸಾಮಾನು ಅಲ್ಲೇ ಇರ್ತದೆ, ಅದರ ಮೇಲೆ ಬೇರೆದ್ದು ಬಂದು ಕೂರೋ ತನಕ. ಕಳೆದ ತಕ್ಷಣ ಕಂಪ್ಯೂಟರ್ ಬಂದ್ ಮಾಡಿ ತಗೊಂಡು ಹೋದ್ರೆ ಸಿಕ್ಕರೂ ಸಿಗಬಹುದು. ನಮಗೆ ಗೊತ್ತಾಗಿದ್ದೇ ತಿಂಗಳ ಮೇಲೆ. ಅಷ್ಟರಲ್ಲಿ ಖಾಲಿ ಆಯ್ತಲ್ಲ ಅಂತ ಖುಷಿಯಲ್ಲಿ ಇವರು ಅದರ ತುಂಬ ಯಕ್ಷಗಾನದ ವಿಡಿಯೋ ತುಂಬಿಸಿದ್ರು. ಹೊಸ ಎಸ್‌ಎಸ್‌ಡಿ ಆದ್ರೆ ಇನ್ನೂ ಕಷ್ಟ, ಅಳಿಸಿದ ಜಾಗವನ್ನ ಅದು ತಾನೇ ಆಗಾಗ ಒರೆಸಿ ಇಟ್ಟುಬಿಡ್ತದೆ. ಹಂಗಾಗಿ ರಿಕವರಿ ನಂಬ್ಕೊಂಡು ಕ್ಲೀನ್ ಮಾಡೋದು ಬೇಡ.

ಈಗ ನಿಮ್ಮ ಮೇಲೂ ಒಂಚೂರು. "ಬ್ಯಾಕಪ್ ಗೀಕಪ್ ಎಲ್ಲ ನಮಗೆ ಬರಲ್ಲ ಮಾರಾಯ್ತಿ" ಅಂತೀರಲ್ಲ, ಅದು ಶುದ್ಧ ಸುಳ್ಳು. ಡೇರೆ ಗಡ್ಡೆಯ ವಿಷಯದಲ್ಲಿ ನೀವು ಮಾಡೋದು ಎಂತ? ಹೊಸ ಬಣ್ಣದ್ದು ಒಂದು ಸಿಕ್ಕಿದ್ರೆ ನಿಮ್ಮ ಅಂಗಳದಲ್ಲೊಂದು, ತವರಲ್ಲೊಂದು, ಎನ್.ಆರ್. ಪುರದ ತಂಗಿ ಮನೆಗೊಂದು. ಮಳೆ ಜಾಸ್ತಿಯಾಗಿ ನಮ್ಮದು ಕೊಳೆತು ಹೋದ್ರೂ ಮುಂದಿನ ವರ್ಷ ಅವಳ ಮನೆಯಿಂದ ವಾಪಸ್ ಬರ್ತದೆ. ಹೆಪ್ಪು ಹುಳಿ ಬಂದು ಕೆಟ್ಟರೆ ಆಚೆ ಮನೆ. ಸೌತೆ ಬೀಜ ಬೂದಿಯಲ್ಲಿ ಕಲಸಿ ಒಣಗಿಸಿಟ್ಟದ್ದು ಬೇರೆ. ಪೀಟರ್ ಕ್ರೋಗ್ ಅನ್ನೋ ಅಮೆರಿಕದ ಫೋಟೋಗ್ರಾಫರ್ ಒಬ್ಬರು ಮೂರು ಪ್ರತಿ ಇರಲಿ, ಎರಡು ಬಗೆಯ ಜಾಗದಲ್ಲಿರಲಿ, ಒಂದು ಮನೆಯಿಂದ ಹೊರಗಿರಲಿ ಅಂತ ಹೇಳಿದ್ದಾರೆ, ಕಂಪ್ಯೂಟರಿನವರೆಲ್ಲ ಅದನ್ನ ದೊಡ್ಡ ಸೂತ್ರದ ಹಂಗೆ ಹೇಳ್ತಾರೆ. ನಮ್ಮಲ್ಲಿ ಅದಕ್ಕೆ ಸೂತ್ರ ಬೇಕಾಗಿರಲಿಲ್ಲ.

ಇದು ಇವತ್ತಿನದ್ದೂ ಅಲ್ಲ. ಅತ್ತಿಮಬ್ಬೆ ಹೆಸರು ಕೇಳಿದ್ದೀರಲ್ಲ, ದಾನಚಿಂತಾಮಣಿ. ಪೊನ್ನನ ಶಾಂತಿಪುರಾಣವನ್ನ ಸಾವಿರ ಪ್ರತಿ ಬರೆಸಿ ಹಂಚಿದವಳು, ಹತ್ತನೇ ಶತಮಾನದಲ್ಲಿ. ತಾಳೆಗರಿಗೆ ಗೆದ್ದಲು ಹಿಡೀತದೆ, ಬೆಂಕಿ ತಗಲ್ತದೆ, ಓದೋರಿಲ್ಲದ ಮನೆಯಲ್ಲಿ ಮೂಲೆ ಸೇರ್ತದೆ ಅಂತ ಮನೆ ನಡೆಸೋ ಹೆಂಗಸಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಸಾವಿರದಲ್ಲಿ ಎಷ್ಟು ಹೋದ್ರೂ ಕೆಲವು ಉಳೀತವೆ.

ಇನ್ನೊಂದು ನಮ್ಮ ಕಾಲದ್ದೇ. ಮಕ್ಕಳು ನೋಡ್ತಿದ್ರಲ್ಲ, ಗೊಂಬೆಗಳ ಸಿನಿಮಾ, ಟಾಯ್ ಸ್ಟೋರಿ. ಅದರ ಎರಡನೇ ಭಾಗ ತಯಾರಾಗ್ತಿದ್ದಾಗ, 1998ರಲ್ಲಿ, ಅಲ್ಲಿ ಯಾರೋ ಕಂಪ್ಯೂಟರಿಗೆ ಅಳಿಸು ಅಂತ ತಪ್ಪು ಜಾಗದಲ್ಲಿ ಆಜ್ಞೆ ಕೊಟ್ಟುಬಿಟ್ರು. ಸಿನಿಮಾದ ಹೆಚ್ಚುಕಮ್ಮಿ ಎಲ್ಲವೂ ಕಣ್ಣೆದುರೇ ಮಾಯ. ಪಿಕ್ಸಾರ್‌ನಂಥ ಕಂಪನಿ, ಬ್ಯಾಕಪ್ ಇಲ್ದೆ ಇರ್ತದಾ? ಇತ್ತು. ತೆಗೆದು ನೋಡಿದ್ರೆ ಅದು ಸರಿಯಾಗಿ ಕೆಲಸವೇ ಮಾಡ್ತಿರಲಿಲ್ಲ, ಯಾರೂ ಪರೀಕ್ಷೆ ಮಾಡಿರಲಿಲ್ಲ. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಗೇಲಿನ್ ಸುಸ್‌ಮನ್ ಅಂತ ಅಲ್ಲಿನ ತಾಂತ್ರಿಕ ಮುಖ್ಯಸ್ಥೆಗೆ ನೆನಪಾಯ್ತು. ಅವರು ಆಗ ಬಾಣಂತಿತನ ಮುಗಿಸಿದವರು, ಚಿಕ್ಕ ಮಗು ಅಂತ ಮನೆಯಿಂದ ಕೆಲಸ ಮಾಡ್ತಿದ್ರು, ಅದಕ್ಕಾಗಿ ಸಿನಿಮಾದ ಒಂದು ಪ್ರತಿ ಮನೆಯ ಕಂಪ್ಯೂಟರಲ್ಲಿತ್ತು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನಲ್ಲಿ ಮೆಲ್ಲಗೆ, ಮಗುವನ್ನ ತಂದ ಹಂಗೆ ಆಫೀಸಿಗೆ ತಂದ್ರಂತೆ. 1999ರಲ್ಲಿ ಸಿನಿಮಾ ಬಂತು. ಮಗುವಿರೋ ಮನೆಯಲ್ಲಿ ಒಂದು ಪ್ರತಿ ಇದ್ದದ್ದಕ್ಕೆ ಅಷ್ಟು ಜನರ ಮರ್ಯಾದೆ ಉಳೀತು. ಈ ಕತೆ ಓದಿದಾಗ ನಂಗೆ ಅಳು ಬಂತು, ಯಾಕೆ ಅಂತ ಕೇಳಬೇಡಿ.

ನಾನೀಗ ಎಂತ ಮಾಡ್ತೀನಿ ಅಂತ ಹೇಳ್ತೀನಿ, ಬೇಕಾದವರು ಮಾಡಿ. ಒಂದು ಟಿಬಿಯ ಹೊರಗಿನ ಹಾರ್ಡ್ ಡಿಸ್ಕು ಎರಡು ತಗೊಂಡೆ. ಯಾರಾದ್ರೂ ಕ್ಲೀನ್ ಅನ್ನೋ ಶಬ್ದ ಬಾಯಿಂದ ತೆಗೆದ್ರೆ ಮೊದಲು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್, ಮುಖ್ಯವಾಗಿ ಆ ಡೌನ್‌ಲೋಡ್ಸು, ನಾಲ್ಕನ್ನೂ ಹಂಗಂಗೇ ಎತ್ತಿ ಡಿಸ್ಕಿಗೆ ಹಾಕೋದು. ಹಾಕಿದ್ರೆ ಆಗ್ಲಿಲ್ಲ, ಡಿಸ್ಕಿನಿಂದಲೇ ನಾಲ್ಕು ಫೋಟೋ ತೆಗೆದು ನೋಡ್ಬೇಕು, ಎರಡು ಹಾಡು ಕೇಳ್ಬೇಕು. ಆಮೇಲೆ ಡಿಸ್ಕಿನ ವೈರು ಎಳೆದು ಬೀರುವಿನೊಳಗೆ ಇಡಬೇಕು, ಯಾಕಂದ್ರೆ ಸಿಕ್ಕಿಸಿಯೇ ಬಿಟ್ರೆ ಕ್ಲೀನ್ ಮಾಡೋ ಸಾಫ್ಟ್‌ವೇರಿಗೆ ಅದೂ ಒಂದು ಡ್ರೈವು, ಅಲ್ಲೂ ಕೈ ಹಾಕಬಹುದು. ನಮ್ಮ ಕಡೆ ಸಿಡಿಲಿನ ಕತೆ ಬೇರೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮೋಡೆಮ್ಮು ಸುಟ್ಟುಕೊಳ್ಳದ ಮನೆ ಯಾವುದು? ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಡಿಸ್ಕು ಅದರ ಜೊತೆಗೇ ಸಹಗಮನ ಮಾಡ್ತದೆ. ಮಳೆಗಾಲದ ಥಂಡಿಗೆ ಡಬ್ಬಿಯಲ್ಲಿ ಹಾಕಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರೋ ಆ ತೇವ ಹೀರೋ ಪುಡಿಯ ಪೊಟ್ಟಣ ಎರಡು ಒಳಗೆ ಇಟ್ಟಿದ್ದೀನಿ. ನಮ್ಮ ಮದುವೆಯ ಸಿಡಿಗೆ ಬೂಷ್ಟು ಹಿಡಿದದ್ದು ಮರೆತಿಲ್ಲ.

ಗೂಗಲ್ಲಲ್ಲಿ ಇದೆ ಅಂತ ಧೈರ್ಯವಾಗಿರೋರಿಗೆ ಒಂದು ಮಾತು. ಪುಗಸಟ್ಟೆ ಸಿಗೋದು 15 ಜಿಬಿ, ಮೇಲ್, ಫೋಟೋ, ಡ್ರೈವ್ ಎಲ್ಲ ಸೇರಿ. ಮೊದಲು ಫೋಟೋಗೆ ಲೆಕ್ಕ ಇರಲಿಲ್ಲ, 2021ರ ಜೂನ್ 1ರಿಂದ ಅದೂ ಲೆಕ್ಕಕ್ಕೆ ಬಂತು. ತುಂಬಿದ ಮೇಲೆ ಹೊಸದು ಹೋಗೋದೇ ನಿಂತಿರ್ತದೆ, ನಾವು ನೋಡಿರಲ್ಲ. ಇನ್ನೂ ಒಂದು: ಸಿಂಕ್ ಅಂದ್ರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ರೆ ಅಲ್ಲೂ ಅಳೀತದೆ, ಕನ್ನಡಿಯೊಳಗಿನ ಬಿಂಬದ ಹಂಗೆ. ಫೋನಲ್ಲಿ ಗೂಗಲ್ ಫೋಟೋಸಿನ ಒಳಗಿಂದ ಫೋಟೋ ಡಿಲೀಟ್ ಮಾಡಿದ್ರೆ ಮೇಲಿದ್ದದ್ದೂ ಬುಟ್ಟಿಗೆ ಹೋಗಿ 60 ದಿನಕ್ಕೆ ಪೂರ್ತಿ ಹೋಗ್ತದೆ. ವಾಟ್ಸಾಪಲ್ಲಿ ಕಳಿಸಿದ ಫೋಟೋ ಸಣ್ಣದಾಗಿರ್ತದೆ, ದೊಡ್ಡ ಪ್ರಿಂಟ್ ಹಾಕಿಸಿದ್ರೆ ಮುಖವೆಲ್ಲ ಮಸುಕು.

ನುಡಿಯಲ್ಲಿ ಟೈಪ್ ಮಾಡಿಟ್ಟ ಹಳೇ ಅಡುಗೆ, ಹಾಡು ಇರೋರು ಅದರ ಪಿಡಿಎಫ್ ಕೂಡ ಮಾಡಿಡಿ. ಹಳೇ ನುಡಿ ಅಕ್ಷರ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಂಗೆ ಕಾಣ್ತದೆ. ಆಗ ಮನೆಯಲ್ಲಿ ಚುರುಕಾದ ಹುಡುಗ ಇನ್ನೊಬ್ಬ ಇದ್ರೆ "ಇದೆಂತದೋ ಕೆಟ್ಟ ಫೈಲು" ಅಂತ ಅದನ್ನೂ ಕಸಕ್ಕೆ ಹಾಕ್ತಾನೆ.

ಕ್ಲೀನ್ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ, ಹಂಗೆ ತಿರುಚಬೇಡಿ. ಟೆಂಪರರಿ ಫೈಲು, ಬ್ರೌಸರಿನ ಕ್ಯಾಶು ನಿಜವಾಗ್ಲೂ ಕಸವೇ, ಹೋದ್ರೆ ಹೋಗ್ಲಿ. ಡ್ರೈವ್ ಕೆಂಪಾಗಿ ಜಾಗವೇ ಇಲ್ದಿದ್ರೆ ಕೆಲಸ ನಿಲ್ತದೆ, ಅದೂ ನಿಜ. ಆದ್ರೆ ಪಾಸ್‌ವರ್ಡ್ ಅನ್ನೋ ಚೌಕಕ್ಕೆ ಟಿಕ್ ಹಾಕಿಬಿಟ್ಟು ಆಮೇಲೆ ಒಟಿಪಿ ಬಂದ್ ಆದ ಹಳೇ ನಂಬರಿಗೆ ಹೋಗ್ತಿದೆ ಅಂತ ಬಾಯಿ ಬಾಯಿ ಬಡ್ಕೊಳ್ಳಬೇಡಿ. ಪಹಣಿ ಹೋದ್ರೆ ಇನ್ನೊಂದು ಸಲ ತೆಗೆಸಬಹುದು. ಸೊಸೈಟಿ ಬಿಲ್ಲು ಕೇಳಿದ್ರೆ ಮತ್ತೊಂದು ಕೊಡ್ತಾರೆ. ಅತ್ತೆ ನಾಯಿಗೆ ಬೈದದ್ದು ಯಾವ ಕಚೇರಿಯಲ್ಲೂ ಸಿಗಲ್ಲ.

ಹುಡುಗನಿಗೆ ವಿಷಯ ಹೇಳಿದ್ದು ಗೌರಿ ಹಬ್ಬಕ್ಕೆ ಬಂದಾಗ. ಅವನಿಗೂ ಅಜ್ಜಿ ಅಲ್ದಾ. ಜಗುಲಿಯಲ್ಲಿ ಸುಮಾರು ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ಅವನೇ ಒಂದು ಉಪಾಯ ಹೇಳಿದ: ದೊಡ್ಡಮ್ಮ ಆವಾಗ ಯಾರಿಗೆಲ್ಲ ಕಳಿಸಿದ್ರಿ, ಅವರ ಫೋನಲ್ಲಿ ಇರಬಹುದಲ್ಲ ಅಂತ. ಅವತ್ತಿಂದ ಒಬ್ಬೊಬ್ಬರಿಗೇ ಫೋನ್ ಮಾಡ್ತಿದ್ದೀನಿ. ಶೃಂಗೇರಿಯ ಚಿಕ್ಕಿ ಫೋನಲ್ಲಿ ಏಳು ಸಿಕ್ತು, ಕಿಗ್ಗದ ಅತ್ತಿಗೆ ಹತ್ರ ನಾಲ್ಕು. ಹನ್ನೊಂದಾಯ್ತು, 32 ಬಾಕಿ. ಬಾಳೆಹೊನ್ನೂರಿನವರು ಇದ್ದದ್ದು ಹೌದು, ಮಗ ಮೊನ್ನೆ ಫೋನ್ ಕ್ಲೀನ್ ಮಾಡಿದ ಅಂದ್ರು.

ಇದನ್ನ ಓದ್ತಿರೋರೆಲ್ಲ ದಯವಿಟ್ಟು ನಿಮ್ಮ ವಾಟ್ಸಾಪಲ್ಲಿ ನನ್ನ ಹೆಸರು ತೆಗೆದು, ಹಳೇದಕ್ಕೆ ಮೇಲೆ ಹೋಗಿ, ಆಡಿಯೋ ಏನಾದ್ರೂ ಇದೆಯಾ ನೋಡಿ. ಹಸೆ ಹಾಡು ಸಿಕ್ಕರೆ ಮೊದಲು ಅದು, ಮದುವೆ ಮಾಘದಲ್ಲಿ. ಸಿಕ್ಕಿದ್ದನ್ನ ಕಳಿಸಿ, ನಿಮ್ಮದನ್ನ ಅಳಿಸಬೇಡಿ. ನಾಡಿದ್ದು ನಾನು ಎನ್.ಆರ್. ಪುರಕ್ಕೆ ತಂಗಿ ಮನೆಗೆ ಹೋಗ್ತಿದ್ದೀನಿ, ಎರಡನೇ ಡಿಸ್ಕು ಅವಳ ಬೀರುವಿಗೆ, ಬಿಳಿ ಅಂಚಿನ ಕೆಂಪು ಡೇರೆ ಗಡ್ಡೆ ಅಲ್ಲಿಂದ ನಮ್ಮನೆಗೆ.